ಆಮೆ ಕಥೆ ಟಿವಿಯಲ್ಲಿ ಸಪ್ಪೆ ಆಯ್ತಾ? ಮನೆಯಲ್ಲೇ ಆಡಿಸಿ

ಮಕ್ಕಳ ಕಥೆಗಾರ ರೋಲ್ಡ್ ಡಾಲ್ ಬರೆದ 'ಎಸಿಯೊ ಟ್ರಾಟ್' (ಆಮೆಯ ಇಂಗ್ಲಿಷ್ ಹೆಸರು 'tortoise' ಅನ್ನು ತಿರುಗಿಸಿ ಬರೆದದ್ದು) 1990ರಲ್ಲಿ ಬಂದ ಪುಟ್ಟ ಪುಸ್ತಕ. ಕೂತ ಕಡೆಯೇ ಓದಿ ಮುಗಿಸಬಹುದು. ಬಿಬಿಸಿಯವರು ಅದನ್ನು ಒಂದೂವರೆ ಗಂಟೆಗೆ ಎಳೆದು 2015ರ ಜನವರಿ 1ರಂದು ಟಿವಿಗೆ ತಂದರು. ಡಸ್ಟಿನ್ ಹಾಫ್‌ಮನ್, ಜೂಡಿ ಡೆಂಚ್ ಇದ್ದಾರೆ, ನಟನೆಗೇನೂ ಕೊರತೆಯಿಲ್ಲ. ಆದರೂ ಕುವೆಂಪುನಗರದ ನಮ್ಮನೆಗೆ ರಜೆಗೆ ಬಂದಿದ್ದ ಮಕ್ಕಳು ಅರ್ಧಕ್ಕೇ ಎದ್ದು ಹೋದರು. ಪುಸ್ತಕದಲ್ಲಿಲ್ಲದ ಪ್ರತಿಸ್ಪರ್ಧಿಯೊಬ್ಬ ಬರುತ್ತಾನೆ. ಕಥೆ ಹೇಳುವವನು ಮಧ್ಯೆ ಮಧ್ಯೆ ಬಾಯಿ ಹಾಕುತ್ತಾನೆ. ಮಕ್ಕಳಿಗೆ ಬೇಕಿದ್ದದ್ದು ಆಮೆ ಬದಲಾಯಿಸುವ ಕಿತಾಪತಿ. ಅದನ್ನು ನೀವೇ ಮಾಡಿ ತೋರಿಸಿ.

ಮೊದಲು ಕಥೆ ಹೇಳಿ. ಮೇಲಿನ ಮನೆಯ ಹಾಪಿ ವಯಸ್ಸಾದ, ತುಂಬಾ ಸಂಕೋಚದ ಮನುಷ್ಯ. ಕೆಳಗಿನ ಮನೆಯ ಸಿಲ್ವರ್ ಮೇಲೆ ಮನಸ್ಸು, ಹೇಳೋಕೆ ಬಾಯಿಲ್ಲ. ಆಕೆಗೋ ತನ್ನ ಆಮೆ ಆಲ್ಫಿ ಬೆಳೀತಿಲ್ಲ ಅನ್ನೋ ಚಿಂತೆ. ಇವನು ಪದಗಳನ್ನು ಹಿಂದುಮುಂದು ಮಾಡಿ ಆಮೆ ಬೆಳೆಸುವ ಒಂದು ಮಂತ್ರ ಬರೆದುಕೊಟ್ಟು, ಅಂಗಡಿಗಳಿಂದ 140 ಆಮೆ ತಂದು, ಆಕೆ ಕೆಲಸಕ್ಕೆ ಹೋದಾಗ ವಾರಕ್ಕೊಂದರಂತೆ ಸ್ವಲ್ಪ ದೊಡ್ಡದನ್ನು ಇಟ್ಟು ಹಳೆಯದನ್ನು ಎತ್ತಿಕೊಳ್ಳುತ್ತಾನೆ. ಇಲ್ಲಿ ನಮ್ಮತ್ತೆ "ಈ ವಯಸ್ಸಲ್ಲಾ?" ಅಂತ ಮೂಗು ಮುರಿದರು. ಎರಡೇ ನಿಮಿಷಕ್ಕೆ "ಮದುವೆ ಆಯ್ತಾ ಇಲ್ವಾ, ಅದನ್ನ ಹೇಳು" ಅಂದರು. ಹೇಳಬೇಡಿ, ಕಾಯಿಸಿ.

ನಿಜವಾದ ಆಮೆ ತರೋ ಮಾತೇ ಬೇಡ. ನಕ್ಷತ್ರ ಆಮೆಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಮನೆಯಲ್ಲಿ ಸಾಕುವಂತಿಲ್ಲ. ತೆಂಗಿನ ಕರಟ ಸಾಕು. ಎಂಟು ಕರಟ ಆರಿಸಿ, ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇಡಿ. ಒಳಗೆ ಮರಳು ತುಂಬಿ, ಬಾಯಿಗೆ ದಪ್ಪ ರಟ್ಟು ಅಂಟಿಸಿ. ತಲೆ, ಕಾಲಿಗೆ ಹಳೆ ಬಟ್ಟೆ. ಮೊದಲನೆಯದು ಒಟ್ಟು 370 ಗ್ರಾಂ ತೂಗಲಿ, ಆಲ್ಫಿಯ ತೂಕ ಹೆಚ್ಚು ಕಮ್ಮಿ ಅಷ್ಟೇ. ಆಮೇಲೆ ಒಂದೊಂದಕ್ಕೂ 50 ಗ್ರಾಂ ಜಾಸ್ತಿ. ಅಡುಗೆಮನೆಯ ತಕ್ಕಡಿಯಲ್ಲಿ ತೂಗುವ ಕೆಲಸ ಮಕ್ಕಳಿಗೇ ಬಿಡಿ. ಮರಳು ನೆಲಕ್ಕೆಲ್ಲ ಚೆಲ್ಲುತ್ತೆ, ಪೇಪರ್ ಹಾಸಿಕೊಳ್ಳಿ.

ಕದಿಯೋಕೆ ಮಾವಿನಕಾಯಿ ಕೀಳುವ ದೋಟಿ ಬೇಕು. ಹಾಪಿ ಉದ್ದನೆಯ ಕೊಳವೆಯ ತುದಿಗೆ ಉಗುರು ಕೂಡಿಸಿ, ತನ್ನ ಬಾಲ್ಕನಿಯಿಂದಲೇ ತಂತಿ ಎಳೆದು ಕೆಳಗಿನ ಬಾಲ್ಕನಿಯ ಆಮೆ ಹಿಡಿಯುತ್ತಾನೆ. ನಮ್ಮ ದೋಟಿಯ ಬಲೆಗೆ ಕರಟ ಸಲೀಸಾಗಿ ಕೂರುತ್ತೆ. ಬಾಲ್ಕನಿ ಕಟ್ಟೆಗೆ ಮಕ್ಕಳನ್ನು ಹತ್ತಿಸಬೇಡಿ. ಮಹಡಿ ಮೆಟ್ಟಿಲಲ್ಲಿ ನಾಲ್ಕನೇ ಮೆಟ್ಟಿಲ ಮೇಲೆ ಹಾಪಿ, ಕೆಳಗೆ ಆಮೆ. ಕೆಳಗೆ ಯಾರೂ ನಿಂತಿರಬಾರದು. ದೋಟಿ ಬಗ್ಗಿಸಿ, ಬಲೆಯ ಬಾಯಿಯನ್ನು ಕರಟದ ಪಕ್ಕಕ್ಕೆ ತಂದು, ನಿಧಾನವಾಗಿ ಎಳೆದುಕೊಳ್ಳಬೇಕು. ಆತುರಪಟ್ಟರೆ ಆಮೆ ಮಗುಚುತ್ತೆ. ಮಕ್ಕಳಿಗೆ ಬೇಕಾದದ್ದೂ ಅದೇ ಅಲ್ವಾ!

ಸಿಲ್ವರ್ ಆದವರು ಕೋಣೆಯಲ್ಲಿರಬೇಕು. ಹೊರಗೆ ಬಂದು ಆಮೆ ಎತ್ತಿ ನೋಡಿ, ಬದಲಾಗಿದೆಯಾ ಹೇಳಬೇಕು. ಎರಡು ಕೈಯಲ್ಲಿ ಎರಡು ಹಿಡಿದರೆ ಗೊತ್ತಾಗಿಬಿಡುತ್ತೆ, ಆದ್ದರಿಂದ ಒಂದೇ ಕೊಡಿ. ಪ್ರತಿ ಸಲದ ನಡುವೆ ಐದು ನಿಮಿಷ ಬಿಡಿ, ಚುರುಮುರಿಗೆ ಸಮಯ ಆಯ್ತು. ಕೊನೆಗೆ ಮೊದಲನೆಯದನ್ನೂ ಎಂಟನೆಯದನ್ನೂ ಒಟ್ಟಿಗೆ ಕೊಡಿ. ಮುಖ ನೋಡಬೇಕು ಆಗ.

ಮಂತ್ರ ಮಕ್ಕಳೇ ಕಟ್ಟಲಿ, ಅಕ್ಷರ ತಿರುಗಿಸಿದರಾಯ್ತು. "ಆಮೆ ಬೆಳಿ" ಹೋಗಿ "ಮೆಆ ಳಿಬೆ" ಆಗಿ, ನಮ್ಮನೆಯಲ್ಲಿ ಅದೇ ಊಟದ ಕರೆಯಾಗಿದೆ.

ಆಟ ಮುಗಿದ ಮೇಲೆ ಮದುವೆ ವಿಷಯ ಹೇಳಿ. ಆಲ್ಫಿ ಏನಾಯ್ತು ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಅಂಗಡಿಗೆ ವಾಪಸ್ ಹೋಗಿ, ಅಲ್ಲಿಂದ ಒಬ್ಬ ಹುಡುಗಿಯ ಮನೆ ಸೇರಿ, ವರ್ಷಗಟ್ಟಲೆ ತೆಗೆದುಕೊಂಡು ತಾನೇ ಎರಡರಷ್ಟು ಬೆಳೆಯಿತು. ಟಿವಿ ಚಿತ್ರ ಬೇಕಿದ್ದರೆ ಆಮೇಲೆ ಹಾಕಿ. ಎಲ್ಲೆಲ್ಲಿ ಸೇರಿಸಿದ್ದಾರೆ ಅಂತ ಮಕ್ಕಳೇ ಕೂಗಿ ಹೇಳುತ್ತಾರೆ.