ರಾಗಿ ತೂರುವ ಗಾಳಿಗೆ ಒಂದು ಬೋರ್ಡು

ಹೊಳಲ್ಕೆರೆ ಕಡೆಯ ನಮ್ಮೂರ ಕೆರೆ 2022ರ ಮಳೆಗೆ ಕೋಡಿ ಬಿತ್ತು. ಅದೇ ವರ್ಷ ವಾಣಿವಿಲಾಸ ಸಾಗರವೂ 1933ರ ನಂತರ ಮೊದಲ ಸಲ ತುಂಬಿ ಹರಿಯಿತು. ಜಿಲ್ಲೆಯ ಜನ ಮಕ್ಕಳುಮರಿ ಕರೆದುಕೊಂಡು ನೋಡಲು ಹೋದರು. ನಾನೂ ಹೋಗಿದ್ದೆ. ಆದರೆ ತಲೆಯಲ್ಲಿ ಇದ್ದದ್ದು ನಮ್ಮೂರ ಕೆರೆಯೇ. ಅದಕ್ಕೂ ಹಿಂದಿನ ಚಳಿಗಾಲದಲ್ಲಿ ಗೋವಾಕ್ಕೆ ಹೋಗಿ ಐದು ದಿನ ವಿಂಡ್‌ಸರ್ಫಿಂಗ್ ಕಲಿತು ಬಂದಿದ್ದೆ. ಹಾಯಿ ಸಿಕ್ಕಿಸಿದ ಬೋರ್ಡಿನ ಮೇಲೆ ನಿಂತು ಗಾಳಿಯ ಬಲದಲ್ಲೇ ನೀರಿನ ಮೇಲೆ ಸಾಗುವ ಆಟ ಅದು. ಹಾಯಿ ಎತ್ತುವುದು, ನೇರ ಹೋಗುವುದು, ತಿರುಗಿ ಬರುವುದು, ಇಷ್ಟು ಬಂದಿತ್ತು. ಊರಲ್ಲೇ ಇಷ್ಟು ನೀರು ಇರುವಾಗ ವರ್ಷಕ್ಕೊಮ್ಮೆ ಗೋವಾಕ್ಕೆ ಯಾಕೆ ಹೋಗಬೇಕು ಅನ್ನಿಸಿತು.

ಪಂಚಾಯಿತಿಯಲ್ಲಿ ಕೇಳಿದೆ. ಮೀನಿನ ಗುತ್ತಿಗೆ ಹಿಡಿದ ಅಣ್ಣನನ್ನೂ ಕೇಳಿದೆ. ಅವರು ಎರಡೇ ಮಾತು ಹೇಳಿದರು. ಬಲೆ ಬಿಟ್ಟ ಕಡೆ ಬರಬಾರದು, ಬೆಳಿಗ್ಗೆ ಹತ್ತರ ಒಳಗೆ ಇಳಿಯಬಾರದು. ಎರಡನ್ನೂ ಇವತ್ತಿನವರೆಗೆ ಪಾಲಿಸಿದ್ದೇನೆ. ಸೂಳೆಕೆರೆಯಂಥ ದೊಡ್ಡ ಕೆರೆಯ ಆಸೆ ಮೊದಲು ನನಗೂ ಇತ್ತು. ಆದರೆ ಅದು ಊರೂರಿಗೆ ಕುಡಿಯುವ ನೀರು ಕೊಡುವ ಕೆರೆ. ಅಲ್ಲದೆ ಕಲಿಯುವವನಿಗೆ ಅಷ್ಟು ಅಗಲದ ನೀರು ಬೇಕಾಗಿಯೂ ಇಲ್ಲ. ಏನಾದರೂ ಆದರೆ ಈಜಿ ದಡ ಸೇರುವಷ್ಟು ಹತ್ತಿರ ಇರಬೇಕು.

ಬೋರ್ಡು ಕೊಳ್ಳುವ ವಿಷಯದಲ್ಲಿ ಮಾತ್ರ ದೊಡ್ಡ ತಪ್ಪು ಮಾಡಿದೆ. ಅದನ್ನು ಪೂರ್ತಿ ಹೇಳುತ್ತೇನೆ. ಈಗ ಕೊಳ್ಳಲು ಹೊರಟವರಿಗೆ ಅದೇ ಜಾಸ್ತಿ ಉಪಯೋಗ.

ನಮ್ಮದು ಗಾಳಿಯ ಜಿಲ್ಲೆ ಅಂತ ಎಲ್ಲರೂ ಹೇಳುತ್ತಾರೆ. ಗುಡ್ಡದ ಸಾಲಿನ ಮೇಲೆಲ್ಲ ವಿಂಡ್‌ಮಿಲ್ ತಿರುಗುತ್ತಲೇ ಇರುತ್ತವೆ. ಅದನ್ನು ನೋಡಿಯೇ ನಾನೂ ನಮ್ಮ ಕೆರೆಗೆ ಗಾಳಿಗೇನು ಕಮ್ಮಿ ಅಂದುಕೊಂಡೆ. ಬೋರ್ಡು ಮಾರುವವರೂ ಅದನ್ನೇ ಹೇಳಿದರು. 'ನಿಮ್ಮ ಕಡೆ ಒಳ್ಳೆ ಗಾಳಿ ಇದೆ, ದೊಡ್ಡ ಬೋರ್ಡು ಒಂದು ತಿಂಗಳಲ್ಲಿ ಬೇಜಾರಾಗುತ್ತೆ, ಸಣ್ಣದೇ ತಗೊಳ್ಳಿ.' ನನಗೂ ಸಣ್ಣದೇ ಚಂದ ಕಂಡಿತು. 112 ಲೀಟರಿನದು, ಅಗಲ 65 ಸೆಂಟಿಮೀಟರ್. ಹಳೆಯದು, ಆದರೆ ಗಟ್ಟಿಮುಟ್ಟಾಗಿತ್ತು. ಭಾವನ ಟಾಟಾ ಏಸಿನಲ್ಲಿ ಹಾಸಿಗೆ ಹಾಸಿ ಮಲಗಿಸಿಕೊಂಡು ತಂದೆವು.

ಮೊದಲ ದಿನ ನಿಲ್ಲಲಿಕ್ಕೇ ಆಗಲಿಲ್ಲ. ಬೋರ್ಡಿನ ಮೇಲೆ ಕಾಲಿಟ್ಟರೆ ಒಂದು ಕಡೆ ಮುಳುಗುತ್ತದೆ, ಸರಿಮಾಡಿಕೊಂಡರೆ ಇನ್ನೊಂದು ಕಡೆ. ಹಾಯಿ ಎತ್ತಲು ಹಗ್ಗ ಎಳೆದರೆ ಹಿಂಭಾಗವೇ ನೀರಿಗೆ ಇಳಿಯುತ್ತದೆ. ನನ್ನ ಮೈಯಲ್ಲೇ ಏನೋ ಕೊರತೆ ಅಂದುಕೊಂಡು ಎರಡು ವಾರ ಒದ್ದಾಡಿದೆ. ಆಮೇಲೆ ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ.

ಬೋರ್ಡಿನ ಲೀಟರ್ ಅಂದರೆ ಅದು ಪೂರ್ತಿ ಮುಳುಗಿದರೆ ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೆ ಅನ್ನುವ ಅಳತೆ. ಸಿಹಿನೀರಿನಲ್ಲಿ ಒಂದು ಲೀಟರ್ ಸುಮಾರು ಒಂದು ಕಿಲೋ ಹೊರುತ್ತದೆ. ನಾನು 76 ಕಿಲೋ. ಬೋರ್ಡೇ 8 ಕಿಲೋ. ಹಾಯಿ, ಅದರ ಕಂಬ, ಕೈಯಲ್ಲಿ ಹಿಡಿಯುವ ಅಡ್ಡಕೋಲು ಬೂಮ್ ಎಲ್ಲ ಸೇರಿ 9. ಒದ್ದೆ ಬಟ್ಟೆ, ಲೈಫ್ ಜಾಕೆಟ್ 3. ಒಟ್ಟು 96. ಅಂದರೆ 112 ಲೀಟರಿನಲ್ಲಿ ಉಳಿದದ್ದು ಬರೀ 16. ಒಂದು ಹೆಜ್ಜೆ ಆಚೀಚೆ ಇಟ್ಟರೆ ಆ ಬದಿ ಮುಳುಗದೆ ಏನು ಮಾಡೀತು? ಗಾಳಿ ಜೋರಾಗಿದ್ದರೆ ಮಾತು ಬೇರೆ. ಬೋರ್ಡು ವೇಗ ಹಿಡಿದು ನೀರಿನ ಮೇಲೆ ಜಾರತೊಡಗಿದರೆ ಆ ವೇಗವೇ ಅದನ್ನು ಎತ್ತಿ ಹಿಡಿಯುತ್ತದೆ, ಲೀಟರ್ ಅಷ್ಟು ಮುಖ್ಯ ಆಗುವುದಿಲ್ಲ. ಗಾಳಿ ಕಡಿಮೆ ಇದ್ದಾಗ ನಮ್ಮನ್ನು ಹೊರುವುದು ಲೀಟರ್ ಮಾತ್ರ.

ಹಾಗಾದರೆ ನಮ್ಮ ಕೆರೆಯ ಗಾಳಿ ನಿಜಕ್ಕೂ ಎಷ್ಟು? ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಯನ್ನು ನಾನು ಕೊಂಡ ಮೇಲೆ ಕೇಳಿದೆ. ಕೈಯಲ್ಲಿ ಹಿಡಿದು ಗಾಳಿ ಅಳೆಯುವ ಸಣ್ಣ ಮೀಟರ್ ಒಂದನ್ನು ತರಿಸಿ, ಏರಿ ಮೇಲೆ ಅಲ್ಲ, ಕೆಳಗೆ ನೀರಿನ ಅಂಚಿನಲ್ಲಿ ನಿಂತು ಅಳೆದು ಬರೆದಿಟ್ಟೆ. ಏರಿ ಮೇಲೆ ನಿಂತರೆ ಗಾಳಿ ಜೋರಾಗಿಯೇ ಸಿಗುತ್ತದೆ, ನಾವು ಮೋಸಹೋಗುತ್ತೇವೆ. ವಿಂಡ್‌ಮಿಲ್ಲೂ ಹಾಗೇ. ಅದು ಇರುವುದು ಗುಡ್ಡದ ನೆತ್ತಿಯಲ್ಲಿ, ಅದರ ರೆಕ್ಕೆ ಇರುವುದು ಇನ್ನೂ ಎಷ್ಟೋ ಎತ್ತರದಲ್ಲಿ. ನಮ್ಮ ಕೆರೆ ಇರುವುದು ತಗ್ಗಿನಲ್ಲಿ, ಸುತ್ತ ತೆಂಗು, ಅಡಿಕೆ. ಮೇಲೆ ರೆಕ್ಕೆ ಭರ್ರನೆ ತಿರುಗುವಾಗಲೂ ಕೆಳಗೆ ನೀರಿನ ಮೇಲೆ ಸಣ್ಣ ಸುಕ್ಕು ಅಷ್ಟೇ.

ಮೂರು ತಿಂಗಳು ಬರೆದೆ. ಬೆಳಿಗ್ಗೆ ಹೆಚ್ಚುಕಡಿಮೆ ಏನೂ ಇಲ್ಲ. ಮಧ್ಯಾಹ್ನ ಮೂರರಿಂದ ಐದೂವರೆವರೆಗೆ ಗಂಟೆಗೆ 10ರಿಂದ 16 ಕಿಲೋಮೀಟರ್. ವಿಂಡ್‌ಸರ್ಫಿಂಗಿನವರು ಗಾಳಿಯನ್ನು ನಾಟಿನಲ್ಲಿ ಹೇಳುತ್ತಾರೆ. ಒಂದು ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್. ಹಾಗೆ ನೋಡಿದರೆ ನಮ್ಮದು ಐದೂವರೆಯಿಂದ ಎಂಟೂವರೆ ನಾಟ್. ಸಣ್ಣ ಬೋರ್ಡಿಗೆ ದೊಡ್ಡ ಹಾಯಿ ಹಾಕಿದರೂ ಜಾರತೊಡಗಲು ಹನ್ನೆರಡು ನಾಟಾದರೂ ಬೇಕು. ಅಷ್ಟು ಸಿಗುವುದು ಆಷಾಢದಲ್ಲಿ ಮಾತ್ರ. ಆಗ ಪಡುವಣ ಗಾಳಿ ಒಂದೊಂದು ದಿನ ಮೂವತ್ತು ಕಿಲೋಮೀಟರ್ ದಾಟುತ್ತದೆ, ಹುಡುಗರ ಗಾಳಿಪಟದ ದಾರವೇ ಹರಿಯುತ್ತದೆ. ಅದು ಕಲಿಯುವ ಗಾಳಿ ಅಲ್ಲ.

ನಾನು ಮೀಟರ್ ಹಿಡಿದು ನಿಂತದ್ದನ್ನು ದೊಡ್ಡಪ್ಪ ಒಂದು ದಿನ ನೋಡಿದರು. ಎಷ್ಟು ತೋರಿಸುತ್ತೆ ಅಂತ ಕೇಳಿದರು. ಹದಿಮೂರು ಅಂದೆ. 'ಇದು ರಾಗಿ ತೂರೋ ಗಾಳಿ ಕಣಪ್ಪಾ. ಇದಕ್ಕಿಂತ ಕಮ್ಮಿ ಆದ್ರೆ ಹೊಟ್ಟು ಕಾಲ ಬುಡದಲ್ಲೇ ಬೀಳುತ್ತೆ. ಜಾಸ್ತಿ ಆದ್ರೆ ಕಾಳೂ ಹೋಗುತ್ತೆ' ಅಂದರು. ಕಣದಲ್ಲಿ ನಿಂತು ವರ್ಷವರ್ಷ ಮೊರ ಹಿಡಿದವರು ಅವರು. ನನಗೆ ಆ ಮಾತಿನಿಂದ ಎಲ್ಲ ಸ್ಪಷ್ಟವಾಯಿತು. ನನಗೆ ಬೇಕಾದದ್ದು ಆಷಾಢದ ಬೋರ್ಡು ಅಲ್ಲ, ತೂರುವ ಗಾಳಿಯ ಬೋರ್ಡು.

ಸಣ್ಣ ಬೋರ್ಡಿನ ಇನ್ನೊಂದು ಕಷ್ಟ ಲೀಟರಿಗಿಂತ ಹೆಚ್ಚು ಕಾಡಿತು. ಹೇಗೋ ನಿಂತು ಹೊರಟ ದಿನಗಳಲ್ಲೂ ಹೊರಟ ಜಾಗಕ್ಕೆ ವಾಪಸ್ ಬರಲು ಆಗುತ್ತಿರಲಿಲ್ಲ. ಗಾಳಿ ಪಕ್ಕಕ್ಕೆ ತಳ್ಳಿಕೊಂಡು ಹೋಗಿ ಮೂಡಣ ದಡಕ್ಕೆ ಬಿಡುತ್ತಿತ್ತು. ಅಲ್ಲಿಂದ ಬೋರ್ಡು ಒಂದು ಸಲ, ಹಾಯಿ ಒಂದು ಸಲ ಹೊತ್ತು ಏರಿ ಮೇಲೆ ನಡೆಯಬೇಕು. ಎರಡು ಗಂಟೆಯಲ್ಲಿ ಒಂದೂವರೆ ಗಂಟೆ ಹೊರುವುದೇ ಆಯಿತು.

ಇದಕ್ಕೆ ಮದ್ದು ಡ್ಯಾಗರ್‌ಬೋರ್ಡ್. ಬೋರ್ಡಿನ ನಡುವಿನ ಸೀಳಿನಿಂದ ನೀರಿಗೆ ಇಳಿಯುವ ಅಗಲವಾದ ಹಲಗೆ ಅದು. ನೇಗಿಲ ಕುಳ ನೆಲ ಹಿಡಿದು ಸಾಲು ತಪ್ಪದಂತೆ ನೋಡಿಕೊಳ್ಳುತ್ತದಲ್ಲ, ನೀರಿನಲ್ಲಿ ಇದು ಹಾಗೆ. ಗಾಳಿ ಹಾಯಿಯನ್ನು ಪಕ್ಕಕ್ಕೆ ತಳ್ಳಿದಾಗ ಈ ಹಲಗೆ ಒಪ್ಪುವುದಿಲ್ಲ, ಹಾಗಾಗಿ ಬೋರ್ಡು ಮುಂದಕ್ಕೆ ಹೋಗುತ್ತದೆ. ಬೋರ್ಡಿನ ಹಿಂಭಾಗದ ಕೆಳಗೆ ಮೀನಿನ ರೆಕ್ಕೆಯಂತೆ ಇರುವ ಫಿನ್ ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ಅದಕ್ಕೆ ವೇಗ ಬೇಕು. ವೇಗ ಅರ್ಧ ಆದರೆ ಫಿನ್ನಿನ ಹಿಡಿತ ಕಾಲು ಭಾಗಕ್ಕೆ ಇಳಿಯುತ್ತದೆ. ನಾವು ನಡೆಯುವಷ್ಟೇ ವೇಗದಲ್ಲಿ ಬೋರ್ಡು ಹೋಗುವಾಗ ಸಣ್ಣ ಫಿನ್ನು ಏನನ್ನೂ ಹಿಡಿಯುವುದಿಲ್ಲ. ತಿಳಿಗಾಳಿಯ ನೀರಿಗೆ ಮೊದಲ ಬೋರ್ಡು ಕೊಳ್ಳುವವರು ಬಣ್ಣ, ಕಂಪನಿ ನೋಡುವ ಮೊದಲು ಬೋರ್ಡನ್ನು ಮಗುಚಿ ಹಾಕಿ ನಡುವೆ ಸೀಳು ಇದೆಯೋ ಇಲ್ಲವೋ ನೋಡಿ. ಇಲ್ಲದಿದ್ದರೆ ಅಲ್ಲೇ ಬಿಟ್ಟು ಬನ್ನಿ.

ಎರಡನೇ ಸಲ ಆತುರ ಮಾಡಲಿಲ್ಲ. ಮೂರು ಬಗೆ ನೋಡಿದೆ. ಮೊದಲನೆಯದು ಹಳೇ ಕಾಲದ ಉದ್ದ ಬೋರ್ಡು. 1996ರಿಂದ 2004ರವರೆಗೆ ಒಲಿಂಪಿಕ್ಸ್‌ನಲ್ಲಿ ಓಡಿದ ಮಿಸ್ಟ್ರಲ್ ಒನ್ ಡಿಸೈನ್ ಈ ಜಾತಿಯದು, 372 ಸೆಂಟಿಮೀಟರ್ ಉದ್ದ. ಕಡಿಮೆ ಗಾಳಿಯಲ್ಲಿ ಇದರಷ್ಟು ನುಣ್ಣಗೆ ಸಾಗುವುದು ಬೇರೆ ಇಲ್ಲ. ಆದರೆ ಅಗಲ ಅರವತ್ತಮೂರೂವರೆ ಅಷ್ಟೇ, ಹೊಸಬರಿಗೆ ಆಚೀಚೆ ಹೊರಳುತ್ತದೆ. ನಮ್ಮ ಏಸಿನಿಂದ ಹೊರಗೆ ತುಂಬಾ ಚಾಚುತ್ತದೆ ಕೂಡ.

ಎರಡನೆಯದು ಗಾಳಿ ತುಂಬುವ ಬೋರ್ಡು, ಹಾಯಿ ಸಿಕ್ಕಿಸುವ ಜಾಗ ಇರುವಂಥದ್ದು. ಚೀಲದಲ್ಲಿ ಮಡಚಿ ಬಸ್ಸಿನಲ್ಲೇ ತರಬಹುದು. ಗಾಳಿ ನಿಂತರೆ ಹುಟ್ಟು ಹಾಕಿಕೊಂಡು ಬರಬಹುದು. ಪೇಟೆಯಲ್ಲಿ ಸಣ್ಣ ಮನೆ ಇರುವವರಿಗೆ ನಾನು ಇದನ್ನೇ ಹೇಳುತ್ತೇನೆ. ನಡುವೆಯೂ ಒಂದು ಫಿನ್ ಇರುವುದನ್ನೇ ತೆಗೆದುಕೊಳ್ಳಬೇಕು. ಪಂಪಿನ ಒತ್ತಡ ಕಡಿಮೆಯಾದರೆ ನಡುವೆ ಬಾಗುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಪೂರ್ತಿ ತುಂಬಿಸಿ ದಡದಲ್ಲಿ ಬಿಟ್ಟು ಊಟಕ್ಕೆ ಹೋಗಬಾರದು, ಒಳಗಿನ ಗಾಳಿ ಹಿಗ್ಗಿ ಅಂಟು ಬಿಡುತ್ತದೆ.

ಮೂರನೆಯದನ್ನು ನಾನು ತೆಗೆದುಕೊಂಡೆ. ಬಿಕ್ ಕಂಪನಿಯ ಟೆಕ್ನೋ 293. ಉದ್ದ 293, ಅಗಲ 79 ಸೆಂಟಿಮೀಟರ್, 205 ಲೀಟರ್, ಒಳಕ್ಕೆ ಮಡಚುವ ಡ್ಯಾಗರ್‌ಬೋರ್ಡ್. ಬೇರೆ ದೇಶಗಳಲ್ಲಿ ಮಕ್ಕಳು ಇದರ ಮೇಲೆ ಪಂದ್ಯ ಆಡುತ್ತಾರೆ, ಹಾಗಾಗಿ ಕಲಿತ ಮೇಲೂ ಸಪ್ಪೆ ಆಗುವುದಿಲ್ಲ. ಅದೇ ಲೆಕ್ಕ ಇದಕ್ಕೂ ಹಾಕಿದೆ. ಎಲ್ಲ ಸೇರಿ ನೂರಾಒಂದು ಕಿಲೋ ಆದರೂ ಇನ್ನೂ ನೂರಕ್ಕೂ ಹೆಚ್ಚು ಲೀಟರ್ ಮಿಕ್ಕುತ್ತದೆ. ನನ್ನ ಅನುಭವದಲ್ಲಿ ನಿಮ್ಮ ತೂಕಕ್ಕೆ ನೂರು ಕೂಡಿಸಿ, ಬಂದ ಸಂಖ್ಯೆಗಿಂತ ಕಡಿಮೆ ಲೀಟರಿನದನ್ನು ಮೊದಲ ಬೋರ್ಡಾಗಿ ಕೊಳ್ಳಬೇಡಿ. ಅಗಲ ಎಪ್ಪತ್ತೈದಕ್ಕಿಂತ ಕಮ್ಮಿ ಬೇಡ. ಎಂಬತ್ತೈದು, ತೊಂಬತ್ತು ಇದ್ದರೆ ಇನ್ನೂ ಸಲೀಸು.

ಹಳೆಯದನ್ನೇ ಕೊಂಡೆ. ಹೊಸದಕ್ಕೆ ಸಾಗಣೆ, ಸುಂಕ ಎಲ್ಲ ಸೇರಿದರೆ ನನ್ನ ಕೈಗೆ ಎಟಕುವುದಿಲ್ಲ. ಈ ಸಲ ಇಡೀ ಮೈ ಹೆಬ್ಬೆರಳಿನಿಂದ ಒತ್ತಿ ನೋಡಿದೆ, ಎಲ್ಲಾದರೂ ಮೆತ್ತಗಿದ್ದರೆ ಒಳಗೆ ಪದರ ಬಿಟ್ಟಿದೆ ಅಂತ ಅರ್ಥ. ಸೀಳಿನ ಅಂಚಿನ ರಬ್ಬರ್ ಹರಿದಿತ್ತು, ಅದನ್ನು ಬದಲಾಯಿಸಬಹುದು. ಮುಖ್ಯವಾಗಿ ಒಳಗೆ ನೀರು ಕುಡಿದಿದೆಯೋ ಅಂತ ತೂಕ ಹಾಕಬೇಕು. ತಂದವನೇ ಅಡಿಕೆ ಮಂಡಿಗೆ ಹೋಗಿ ತೂಕದ ಮೇಲೆ ಇಟ್ಟೆ. ಕಂಪನಿಯವರು ಹೇಳಿದ ತೂಕಕ್ಕಿಂತ ಮುಕ್ಕಾಲು ಕಿಲೋ ಮಾತ್ರ ಜಾಸ್ತಿ ಬಂತು. ಹಳೇ ದುರಸ್ತಿಯ ತೂಕ ಅದು. ಮೂರ್ನಾಲ್ಕು ಕಿಲೋ ಜಾಸ್ತಿ ಇದ್ದಿದ್ದರೆ ವಾಪಸ್ ಕೊಡುವ ಮಾತಾಗಿತ್ತು. ಬೋರ್ಡಿನ ಮೇಲೊಂದು ಸಣ್ಣ ಗಾಳಿ ಸ್ಕ್ರೂ ಇರುತ್ತದೆ. ಬೇಸಿಗೆಯಲ್ಲಿ ಇಡುವಾಗ ಅದನ್ನು ಸಡಿಲಿಸಿ, ನೀರಿಗೆ ಇಳಿಯುವ ಮೊದಲು ನೆನಪಿಟ್ಟು ಬಿಗಿ ಮಾಡಿ.

ಹಾಯಿಯ ಬಗ್ಗೆ ಒಂದು ಮಾತು. ಗಾಳಿ ಕಡಿಮೆ ಅಂತ ಏಳೆಂಟು ಚದರ ಮೀಟರಿನ ಹಾಯಿ ತರಬೇಡಿ. ಒದ್ದೆಯಾದ ದೊಡ್ಡ ಹಾಯಿಯನ್ನು ಹತ್ತು ಸಲ ಎತ್ತುವಷ್ಟರಲ್ಲಿ ನಡು ಹೋಗುತ್ತದೆ. ನನಗೆ ಐದೂವರೆ ಸಾಕಾಯಿತು. ಅಕ್ಕನ ಮಗಳು 45 ಕಿಲೋ ಇದ್ದಾಳೆ, ಅವಳಿಗೆ ಮೂರೂವರೆಯಿಂದ ನಾಲ್ಕು.

ಟೆಕ್ನೋದ ಮೇಲೆ ಮೊದಲ ಸಂಜೆಯೇ ತೂಬಿನ ಕಲ್ಲಿನಿಂದ ಹೊರಟು ತೂಬಿನ ಕಲ್ಲಿಗೇ ಬಂದೆ. ದಡದಲ್ಲಿ ಕೂಗಿಕೊಂಡೆ, ಅಷ್ಟು ಖುಷಿಯಾಯಿತು. ಆ ಚಳಿಗಾಲ ಪೂರ್ತಿ ಮೂಡಗಾಳಿಯಲ್ಲಿ ವಾರಕ್ಕೆ ಮೂರು ದಿನ ಇಳಿದೆ. ನಮ್ಮ ಕೆರೆಗೆ ಬೇಕಾದ ಸಣ್ಣಪುಟ್ಟ ಬದಲಾವಣೆಗಳು ಆಗಲೇ ತಿಳಿದವು. ಜೊತೆಗೆ ಬಂದ ಫಿನ್ 46 ಸೆಂಟಿಮೀಟರ್, ದಡದ ಹೂಳಿಗೆ ತಾಗುತ್ತದೆ, ಜೊಂಡಿಗೆ ಸಿಕ್ಕಿಕೊಳ್ಳುತ್ತದೆ. ಹಿಂದಕ್ಕೆ ಬಾಗಿದ ಗಿಡ್ಡ ಫಿನ್ ಹಾಕಿದೆ, ಜೊಂಡು ಜಾರಿ ಹೋಗುತ್ತದೆ. ನೀರು ಏರಿದಾಗ ಅಂಚಿನ ಜಾಲಿಗಿಡಗಳು ಮುಳುಗಿವೆ, ಆ ಕಡೆ ಹೋದಾಗ ಡ್ಯಾಗರ್‌ಬೋರ್ಡನ್ನು ಕಾಲಿನಿಂದಲೇ ಮಡಚಿಬಿಡುತ್ತೇನೆ. ಗಾಳಿ ಜೋರಾದಾಗಲೂ ಮಡಚಲೇಬೇಕು. ವೇಗದಲ್ಲಿ ಅದು ಕೆಳಗಿದ್ದರೆ ಬೋರ್ಡು ಒಂದು ಅಂಚಿನ ಮೇಲೆ ಎದ್ದು ನಿಂತು ಬೀಳಿಸುತ್ತದೆ.

ಸಣ್ಣ ಬೋರ್ಡು ಅಟ್ಟದ ಮೇಲೆ ಇದೆ. ಆಷಾಢದ ಒಂದು ಒಳ್ಳೆ ದಿನಕ್ಕೆ ಇಳಿಸುವ ಆಸೆ ಇದೆ, ಇನ್ನೂ ಧೈರ್ಯ ಬಂದಿಲ್ಲ. ಸದ್ಯ ಅಕ್ಕನ ಮಗಳಿಗೆ ನಾಲ್ಕು ಚದರ ಮೀಟರಿನ ಹಾಯಿ ಹುಡುಕುತ್ತಿದ್ದೇನೆ. ಪರೀಕ್ಷೆ ಮುಗಿದ ಮಾರನೇ ದಿನವೇ ಬರುತ್ತೇನೆ ಅಂದಿದ್ದಾಳೆ, ಅಷ್ಟರಲ್ಲಿ ಕೆರೆಯಲ್ಲಿ ನೀರು ಉಳಿದಿರಬೇಕು.