ಕೈಹೊಲಿಗೆಯ ಚಾಸುಬಲ್: ಮೂರು ಕೆಟ್ಟ ಮೇಲೆ ಬಂದದ್ದು

ಮೆಷಿನ್ ಮುಟ್ಟದೆ ಪೂರ್ತಿ ಕೈಯಲ್ಲೇ ಚಾಸುಬಲ್ (ಚರ್ಚಿನ ಬಲಿಪೂಜೆಯಲ್ಲಿ ಫಾದರ್ ಎಲ್ಲದರ ಮೇಲೆ ತೊಡುವ, ತೋಳಿಲ್ಲದ ಅಗಲ ವಸ್ತ್ರ) ಹೊಲಿಯುತ್ತೇನೆ ಅಂದಾಗ, ಹೊಲಿಗೆ ಗೊತ್ತಿರುವವರೇ ಜಾಸ್ತಿ ನಕ್ಕರು. ಒಬ್ಬ ಗೆಳತಿ, ನನಗಿಂತ ಒಳ್ಳೆಯ ಟೈಲರ್, "ನೀನು ಮುಗಿಸೋ ಹೊತ್ತಿಗೆ ಫಾದರ್ ನಿವೃತ್ತಿ ಆಗಿರ್ತಾರೆ ಬಿಡೇ" ಅಂದಳು. ಆ ನೇರಳೆ ಚಾಸುಬಲ್ ಈಗ ಎರಡು ತಪಸ್ಸುಕಾಲ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು, ಆಗ ನೇರಳೆ ತೊಡುತ್ತಾರೆ) ಕಂಡಿದೆ. ಅಂಚು ಎಲ್ಲೂ ಜೋತಿಲ್ಲ, ಅಸ್ತರು ಹೊರಗೆ ಇಣುಕಿಲ್ಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಾನೂ ಮೆಷಿನ್‌ನಲ್ಲೇ ಶುರು ಮಾಡಿದ್ದು. ಮೊದಲನೆಯದಕ್ಕೆ ಗಟ್ಟಿ ಬರಲಿ ಅಂತ ಕುತ್ತಿಗೆಗೂ ನಡುವಿನ ಪಟ್ಟಿಗೂ ಇಸ್ತ್ರಿಯಲ್ಲಿ ಅಂಟುವ ಫ್ಯೂಸಿಂಗ್ ಹಾಕಿದೆ. ಅಂಟಿಸಿದ ದಿನ ಕನ್ನಡಿಯ ಹಾಗಿತ್ತು. ಎರಡನೇ ಸಲ ಇಸ್ತ್ರಿ ಹಾಕಿದಾಗ ಗುಳ್ಳೆ ಎದ್ದಿತು. ಬ್ರೊಕೇಡ್ ಒಂದಷ್ಟು ಕುಗ್ಗಿತು, ಫ್ಯೂಸಿಂಗ್ ಇನ್ನೊಂದಷ್ಟು. ಬಿಡಿಸಲು ಹೋದರೆ ಜರಿ ಎಳೆಗಳೇ ಕಿತ್ತು ಬಂದವು.

ಎರಡನೆಯದರಲ್ಲಿ ಅಂಚಿಗೆ ಆತುರ ಪಟ್ಟೆ. ಗಾಥಿಕ್ ಕಟ್ಟು, ಅಂದರೆ ತೋಳಿನ ಮೇಲೆ ಅಗಲವಾಗಿ ಇಳಿಬೀಳುವ ಚಾಸುಬಲ್, ಹೇಗಿರುತ್ತದೆ ಗೊತ್ತಲ್ಲ. ಮುಂದೆ ಹಿಂದೆ ನಡುವಿನಲ್ಲಿ ಬಟ್ಟೆ ನೇರ ಎಳೆಯಲ್ಲಿ ಬೀಳುತ್ತದೆ, ತೋಳಿನ ಕೆಳಗೆ ಓರೆಯಾಗುತ್ತದೆ. ಓರೆ ಇರುವ ಕಡೆ ಬಟ್ಟೆ ತನ್ನ ಭಾರಕ್ಕೇ ಇಳಿಯುತ್ತದೆ. ಕತ್ತರಿಸಿದ ದಿನವೇ ಅಂಚು ಮಡಿಸಿದೆ. ವಾರದೊಳಗೆ ಎರಡೂ ಪಕ್ಕ ಹತ್ತಿರ ಹತ್ತಿರ ಎರಡು ಇಂಚು ಜೋತುಬಿತ್ತು. ಅಸ್ತರು ಮಾತ್ರ ಇಳಿಯಲಿಲ್ಲ. ಒಳಗಿನಿಂದ ಯಾರೋ ಎಳೆದು ಹಿಡಿದ ಹಾಗೆ ಸುಕ್ಕು. ಜೊತೆಗೆ ಮೆಷಿನ್‌ನ ಹಲ್ಲು ಕೆಳಗಿನ ಬಟ್ಟೆಯನ್ನು ಎಳೆದುಕೊಂಡು ಹೋಗುತ್ತದೆ, ಮೇಲಿನದು ಹಿಂದೆ ಬೀಳುತ್ತದೆ. ಉದ್ದ ಹೊಲಿಗೆ ಮುಗಿಯುವಷ್ಟರಲ್ಲಿ ಮುಕ್ಕಾಲು ಇಂಚು ಹೆಚ್ಚುಕಮ್ಮಿ. ಅವತ್ತೇ ಮೆಷಿನ್‌ಗೆ ಮುಸುಕು ಹಾಕಿದೆ.

ಮೂರನೆಯದು ಕೈಯಲ್ಲಿ. ಹೊಲಿಗೆ ಚೆನ್ನಾಗಿ ಬಂತು, ಬುದ್ಧಿ ಕೈಕೊಟ್ಟಿತು. ಬೆನ್ನಿಗೆ ದೊಡ್ಡ ಶಿಲುಬೆ, ತುಂಬಾ ಜರಿ ಕೂರಿಸಿದೆ. ಬಲಿಪೂಜೆಯಲ್ಲಿ ಫಾದರ್ ಕೈ ಎತ್ತಿದಾಗಲೆಲ್ಲ ಇಡೀ ವಸ್ತ್ರ ಹಿಂದಕ್ಕೆ ಸರಿದು ಕುತ್ತಿಗೆ ಒತ್ತುತ್ತಿತ್ತು. ಅವರು ಒಂದೇ ಸಮ ಮುಂಭಾಗ ಜಗ್ಗಿಕೊಳ್ಳುತ್ತಿದ್ದರು, ನಾನು ಬೆಂಚಿನಲ್ಲಿ ಬೆವರುತ್ತಿದ್ದೆ. ಬಲಿಪೂಜೆಯ ಪುಸ್ತಕವಾದ ರೋಮನ್ ಮಿಸ್ಸಾಲಿನ ಸಾಮಾನ್ಯ ಸೂಚನೆಗಳಲ್ಲಿ, 344ನೆಯದರಲ್ಲಿ ಇದಕ್ಕೆ ಹತ್ತಿರದ ಮಾತಿದೆ: ವಸ್ತ್ರದ ಅಂದ ಬಟ್ಟೆಯಿಂದ, ಅದರ ವಿನ್ಯಾಸದಿಂದ ಬರಲಿ, ಅಲಂಕಾರದ ರಾಶಿಯಿಂದಲ್ಲ ಅಂತ. ಮೊದಲೇ ಓದಿದ್ದೆ. ನನಗಲ್ಲ ಅಂದುಕೊಂಡಿದ್ದೆ.

ನಾಲ್ಕನೆಯದಕ್ಕೆ 54 ಇಂಚು ಪನ್ನದ ಬಟ್ಟೆ, ಸುಮಾರು ಮೂರೂಕಾಲು ಮೀಟರ್. ಅಸ್ತರೂ ಅಷ್ಟೇ. ಹೊರಬಟ್ಟೆ, ಅಸ್ತರು, ಗಟ್ಟಿಗೆ ಒಳಗಿಡುವ ಕ್ಯಾನ್ವಾಸ್ ಮೂರಕ್ಕೂ ಮೊದಲೇ ಹಬೆ ಕೊಟ್ಟು ಕುಗ್ಗಿಸಿದೆ. ಭುಜದ ಹೊಲಿಗೆ ಹಾಕಿ, ಅಂಚು ಹಾಗೇ ಬಿಟ್ಟು, ದಪ್ಪ ಹ್ಯಾಂಗರ್‌ಗೆ ತೂಗುಹಾಕಿದೆ. ಐದು ದಿನ ಮುಟ್ಟಲಿಲ್ಲ. ಆಮೇಲೆ ಒಬ್ಬರಿಗೆ ತೊಡಿಸಿ, ನೆಲದಿಂದ ಮೇಲಕ್ಕೆ ಅಳೆದು ಗುರುತು ಹಾಕಿದೆ. ಹೊರಬಟ್ಟೆಯ ಅಂಚು ಮೊದಲು ಮುಗಿಸಿದೆ. ಅಸ್ತರನ್ನು ವಸ್ತ್ರ ನೇತಾಡುತ್ತಿರುವಾಗಲೇ ಒಳಗಿನಿಂದ ಗುಂಡುಸೂಜಿ ಚುಚ್ಚಿ ಕೂರಿಸಿದೆ, ಮೇಜಿನ ಮೇಲೆ ಹಾಸಿ ಅಲ್ಲ. ಕಾಲು ಇಂಚು ಗಿಡ್ಡ. ನಡುವೆ ಅಲ್ಲಲ್ಲಿ ಸಡಿಲ ಹೊಲಿಗೆ, ಎರಡು ಬಟ್ಟೆಯೂ ತಮ್ಮ ಪಾಡಿಗೆ ಉಸಿರಾಡುವಷ್ಟು. ಮೆಷಿನ್‌ಗೆ ಆಗದೇ ಇರುವುದು ಇದೇ.

ಕುತ್ತಿಗೆಯನ್ನು ಬೇಕಾದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿ, ತೊಡಿಸಿ ನೋಡುತ್ತಾ ದೊಡ್ಡದು ಮಾಡುತ್ತಾ ಹೋದೆ. ಹಿಂದಕ್ಕೆ ಜಾರದಿರಲು ಅಲ್ಲಿ ಒಂದು ಸಣ್ಣ ಉಪಾಯ ಇದೆ. ಕಲಿಯಲು ಮೂರು ವಸ್ತ್ರ ಹಾಳು ಮಾಡಿದವಳು ನಾನು, ಅದನ್ನು ಇಲ್ಲಿ ಬರೆಯಲ್ಲ.

ಕೆಲಸ ಎಷ್ಟು ಹೊತ್ತು ಹಿಡಿಯಿತು? 70 ಗಂಟೆಯ ಆಸುಪಾಸು. ಸ್ಟೋಲ್‌ಗೆ, ಅಂದರೆ ಫಾದರ್ ಕುತ್ತಿಗೆಗೆ ಹಾಕುವ ಉದ್ದ ಪಟ್ಟಿಗೆ, ಇನ್ನೊಂದು 20. ಗಡಿಯಾರ ನೋಡುತ್ತಾ ಕೂತಿರಲಿಲ್ಲ. ದುಡ್ಡಿನ ಮಾತು ಬೇರೆ. ಕೆಟ್ಟ ಮೂರಕ್ಕೆ ಸುರಿದದ್ದರಲ್ಲಿ ಒಂದು ಒಳ್ಳೆಯ ರೆಡಿಮೇಡ್ ಚಾಸುಬಲ್ ಬರುತ್ತಿತ್ತು. ನಾಲ್ಕನೆಯದಕ್ಕೆ ಅದರ ಮೂರನೇ ಒಂದು ಪಾಲು ಆಯಿತು, ಅದರಲ್ಲೂ ಅರ್ಧ ನಡುವಿನ ಪಟ್ಟಿಗೇ ಹೋಯಿತು. ಅಂದರೆ ಇನ್ನೊಂದು ಸರಿಯಾಗಿ ಬಂದರೆ ಮಾತ್ರ ನಾನು ಲಾಭದಲ್ಲಿ. ನನ್ನ ಕೂಲಿ ಲೆಕ್ಕಕ್ಕೆ ಹಿಡಿಯಬೇಡಿ, ಹಿಡಿದರೆ ಅಳು ಬರುತ್ತದೆ.

ನಡುವೆ ಹುಚ್ಚಾಟಗಳೂ ನಡೆದವು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಸಿಯಾನ್ ಕೋಪ್ ಅಂತ 14ನೇ ಶತಮಾನದ ಶುರುವಿನ ಒಂದು ನಿಲುವಂಗಿ ಇದೆ. ಅದರ ಜರಿ ಕೆಲಸ ನಮ್ಮ ಹಾಗಲ್ಲ. ನಾವು ಜರಿ ಎಳೆಯನ್ನು ಮೇಲೆ ಮಲಗಿಸಿ, ಜೇನುಮೇಣ ಸವರಿದ ರೇಷ್ಮೆ ದಾರದಲ್ಲಿ ಕಟ್ಟಿಹಾಕುತ್ತೇವೆ. ಅವರು ಹಿಂಬದಿಯ ದಾರದಿಂದ ಜರಿಯನ್ನೇ ಚೂರು ಚೂರು ಕೆಳಕ್ಕೆ ಎಳೆಯುತ್ತಿದ್ದರು. ಎಳೆದ ಜಾಗವೆಲ್ಲ ಕೀಲಿನ ಹಾಗೆ ಆಗಿ ಬಟ್ಟೆ ಸಲೀಸಾಗಿ ಬಾಗುತ್ತದೆ. ಲಿನನ್ ತುಂಡಿನ ಮೇಲೆ ನಾನೂ ಹಾಕಿ ನೋಡಿದೆ. ಮೂರು ಸಂಜೆಗೆ ಬೆಂಕಿಪೆಟ್ಟಿಗೆಯಷ್ಟು ಜಾಗ ತುಂಬಿತು. ಆದರೆ ಬಾಗಿಸಿದರೆ ಬಾಗುತ್ತದೆ, ನಿಜ! ಆ ತುಂಡು ಸೂಜಿ ಡಬ್ಬಿಯಲ್ಲಿದೆ.

ಇನ್ನೊಂದು, ಎರಡು ಮುಖದ ಸ್ಟೋಲ್. ಪಾಪನಿವೇದನೆಗೆ ನೇರಳೆ, ತಿರುಗಿಸಿದರೆ ಬಿಳಿ. ಬಿಳಿಯ ಕಡೆ ನೇರಳೆಯ ನೆರಳು ಕಾಣುತ್ತಿತ್ತು, ಕೊಳೆಯಾದ ಹಾಗೆ. ನಡುವೆ ತೆಳು ಫ್ಲಾನೆಲ್ ಇಟ್ಟ ಮೇಲೆ ಸರಿಹೋಯಿತು. ಕುತ್ತಿಗೆಯ ಹಿಂದಿನ ಜೋಡಣೆ ಮಾತ್ರ ದಪ್ಪವಾಗಿ ಚುಚ್ಚುತ್ತದಂತೆ. ಅದಿನ್ನೂ ಬಗೆಹರಿದಿಲ್ಲ.

ನೇರಳೆಯದನ್ನು ಗೆಳತಿ ಒಳಗೆ ಹೊರಗೆ ತಿರುಗಿಸಿ ನೋಡಿದಳು. ಹೊಲಿಗೆಯ ಬಗ್ಗೆ ಏನೂ ಅನ್ನಲಿಲ್ಲ. "ಕುತ್ತಿಗೆಗೆ ಏನು ಮಾಡಿದ್ದೀಯಾ?" ಅಂತ ಮಾತ್ರ ಕೇಳಿದಳು.

ಈಗ ಹಸಿರು ಚಾಸುಬಲ್ ಮಲಗುವ ಕೋಣೆಯ ಬಾಗಿಲಿಗೆ ನೇತಾಡುತ್ತಿದೆ. ಇವತ್ತಿಗೆ ಮೂರನೇ ದಿನ. ಇನ್ನೆರಡು ದಿನ ಆ ಬಾಗಿಲು ಹಾಕುವ ಹಾಗಿಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದೇನೆ.