ಮೈನಸ್ 25ರಲ್ಲಿ ಹಳೇ ಕಾರು ಸ್ಟಾರ್ಟ್ ಆಗ್ತಿರ್ಲಿಲ್ಲ, ತೊಂದ್ರೆ ಇದ್ದದ್ದು ಅರ್ಥ್ ಕೇಬಲಲ್ಲಿ

ಅಮೆರಿಕದ ಮಿನಿಯಾಪೊಲಿಸ್ ಚಳಿಲಿ, ಅದೂ ಮೈನಸ್ 25 ಡಿಗ್ರಿ ಸೆಲ್ಸಿಯಸ್ ಇರೋ ಬೆಳಿಗ್ಗೆ, ನನ್ನ 2004ರ ಕಾರು ಕೀ ತಿರುಗಿಸಿದ್ರೆ ಗುರ್ರ್... ಗುರ್ರ್... ಅಂತ ಎಳೆದು ನಿಂತುಬಿಡ್ತಿತ್ತು. ಎಲ್ರೂ ಬ್ಯಾಟರಿ ಬದಲಾಯಿಸು ಅಂದ್ರು, ಅದ್ರಲ್ಲೂ ಅರ್ಥ ಇದೆ, ಮೈನಸ್ 18ಕ್ಕೆ ಬ್ಯಾಟರಿ ಶಕ್ತಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯತ್ತೆ, ಆಯಿಲ್ ಗಟ್ಟಿಯಾಗಿ ಇಂಜಿನ್ ತಿರುಗೋಕೆ ಕರೆಂಟ್ ಬೇರೆ ಜಾಸ್ತಿ ಬೇಕು. ಆದ್ರೆ ಜಾಸ್ತಿ ಕರೆಂಟ್ ಎಳೆದು ನೋಡೋ ಲೋಡ್ ಟೆಸ್ಟಲ್ಲಿ ಬ್ಯಾಟರಿ ಪಾಸ್.

ಆಮೇಲೆ ವೋಲ್ಟೇಜ್ ಅಳೆಯೋ ಮಲ್ಟಿಮೀಟರ್ ತಗೊಂಡು ಒಂದು ಪ್ರೋಬ್ ಬ್ಯಾಟರಿ ನೆಗೆಟಿವ್ ಮೇಲೆ, ಇನ್ನೊಂದು ಇಂಜಿನ್ ಬ್ಲಾಕ್ ಮೇಲೆ ಇಟ್ಟು ಹೆಂಡತಿಗೆ ಸ್ಟಾರ್ಟ್ ಮಾಡೋಕೆ ಹೇಳ್ದೆ. 0.2 ವೋಲ್ಟ್ ಒಳಗಿರ್ಬೇಕು, ತೋರಿಸಿದ್ದು 1.1! ಇಂಜಿನ್ ತಿರುಗಿಸೋ ಸ್ಟಾರ್ಟರ್ ಮೋಟರಿಗೆ ಹೋಗ್ಬೇಕಾದ ವೋಲ್ಟೇಜನ್ನ, ಬ್ಯಾಟರಿ ನೆಗೆಟಿವಿಂದ ಇಂಜಿನ್ ಬ್ಲಾಕಿಗೆ ಹೋಗೋ ಅರ್ಥ್ ಕೇಬಲ್ಲೇ ತಿಂದುಹಾಕ್ತಿತ್ತು. ಬೋಲ್ಟ್ ಬಿಚ್ಚಿ ನೋಡಿದ್ರೆ, ಹಿಮ ಕರಗ್ಲಿ ಅಂತ ರಸ್ತೆಗೆ ಸುರಿಯೋ ಉಪ್ಪಿಂದ ಲಗ್ (ಬೋಲ್ಟಿಗೆ ಕೂರೋ ಕೇಬಲ್ ತುದಿಯ ಲೋಹದ ಬಳೆ) ಕೆಳಗೆಲ್ಲ ತುಕ್ಕು, ತಾಮ್ರದ ಎಳೆಗಳು ಮುಟ್ಟಿದ್ರೆ ಹಸಿರು ಪುಡಿಯಾಗಿ ಉದುರ್ತಿದ್ವು. ಹೊಸ ಕೇಬಲ್ ತಂದು, ಅದು ಕೂರೋ ಜಾಗನ ವೈರ್ ಬ್ರಷ್ಷಲ್ಲಿ ಹೊಳೆಯೋವರ್ಗೂ ಉಜ್ಜಿ, ಟೈಟ್ ಮಾಡಿದ್ಮೇಲೆ ಗ್ರೀಸ್ ಬಳಿದೆ. ಈಗ ರೀಡಿಂಗ್ 0.1, ಅದೇ ಹಳೇ ಬ್ಯಾಟರಿಲಿ ತಟ್ಟಂತ ಸ್ಟಾರ್ಟ್ ಆಗತ್ತೆ, ಎಷ್ಟು ಖುಷಿ ಆಯ್ತು ಗೊತ್ತಾ!

ನೀವು ಮಾಡೋದಾದ್ರೆ ಬ್ಯಾಟರಿ ನೆಗೆಟಿವ್ ಮೊದ್ಲು ಬಿಚ್ಚಿ, ಹಾಕೋವಾಗ ಅದನ್ನ ಕೊನೇಲಿ ಹಾಕಿ.